ಆಪರೇಷನ್‌ಗಾಗಿ ನಿಲ್ಲಿಸಿದ ಗುಳಿಗೆ ಮತ್ತೆ ಯಾವಾಗ?

ನನ್ನ ದೊಡ್ಡಮ್ಮನಿಗೆ 64 ವರ್ಷವಾಗಿದ್ದಾಗ ಪಿತ್ತಕೋಶದಲ್ಲಿ ಕಲ್ಲು ಇರುವುದು ಪತ್ತೆಯಾಯಿತು. ಎಣ್ಣೆಯಲ್ಲಿ ಕರಿದದ್ದು ಏನಾದರೂ ತಿಂದರೆ ಸಾಕು, ರಾತ್ರಿಯಿಡೀ ಹೊಟ್ಟೆನೋವು. ಆಪರೇಷನ್ ಮಾಡಿಸುವುದೆಂದು ತೀರ್ಮಾನವಾಯಿತು. ಅವರಿಗೆ ಅದಕ್ಕೂ ಮೊದಲೇ ಎದೆಬಡಿತ ಏರುಪೇರಾಗುವ ತೊಂದರೆಯಿತ್ತು. ಹೃದಯದೊಳಗೆ ರಕ್ತ ಹೆಪ್ಪುಗಟ್ಟದಿರಲೆಂದು ಪ್ರತಿ ಸಂಜೆ ಒಂದು ಸಣ್ಣ ಗುಳಿಗೆ ನುಂಗುತ್ತಿದ್ದರು. ಮನೆಯಲ್ಲಿ ಅದಕ್ಕೆ ‘ರಕ್ತ ತೆಳು ಮಾಡುವ ಗುಳಿಗೆ’ ಎಂದೇ ಹೆಸರು. ಆಪರೇಷನ್‌ಗೆ ಮೂರು ದಿನ ಮೊದಲು ಅದನ್ನು ನಿಲ್ಲಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿದರು. ದೊಡ್ಡಮ್ಮ ನಿಲ್ಲಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಮನೆಗೆ ಬಂದರು. ನೆಂಟರಿಷ್ಟರು ಬಂದು ನೋಡಿಕೊಂಡು ಹೋದರು.

ಡಿಸ್‌ಚಾರ್ಜ್ ಚೀಟಿಯಲ್ಲಿ ಗಾಯ ನಂಜಾಗದಿರಲು ಒಂದು ಗುಳಿಗೆ, ನೋವಿಗೊಂದು, ಗ್ಯಾಸಿಗೊಂದು ಬರೆದಿದ್ದರು. ಕೊನೆಯಲ್ಲಿ ಹಳೆಯ ಮದ್ದುಗಳನ್ನು ಮುಂದುವರಿಸಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ದೊಡ್ಡಮ್ಮ ಬಿ.ಪಿ. ಗುಳಿಗೆಯನ್ನು ಮುಂದುವರಿಸಿದರು. ರಕ್ತ ತೆಳು ಮಾಡುವ ಗುಳಿಗೆಯನ್ನು ಮಾತ್ರ ಮುಟ್ಟಲಿಲ್ಲ. “ಅದನ್ನು ಡಾಕ್ಟರೇ ನಿಲ್ಲಿಸಿದ್ದಲ್ಲವಾ? ಅವರು ಹೇಳದೆ ನಾನು ಹೇಗೆ ತಿನ್ನಲಿ?” ಎಂಬುದು ಅವರ ಮಾತು. ನಮಗೆಲ್ಲ ಅದು ಸರಿಯೆಂದೇ ಕಂಡಿತು. ಹತ್ತೊಂಬತ್ತನೆಯ ದಿನ ಬೆಳಗ್ಗೆ ಚಹಾ ಕುಡಿಯುತ್ತಿದ್ದವರ ಕೈಯಿಂದ ಲೋಟ ಜಾರಿತು. ಬಾಯಿ ಒಂದು ಬದಿಗೆ ವಾಲಿತು. ಮಾತು ತೊದಲಿತು. ಆಸ್ಪತ್ರೆಗೆ ಕೊಂಡುಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು ಇದು: “ಆಪರೇಷನ್ ಆದ ಮೇಲೆ ಆ ಗುಳಿಗೆಯನ್ನು ಮತ್ತೆ ಯಾವಾಗ ಶುರು ಮಾಡಿದಿರಿ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ತಪ್ಪು ಯಾರದ್ದು ಎಂದು ಹುಡುಕುವುದು ಈ ಲೇಖನದ ಉದ್ದೇಶವಲ್ಲ. ಬರೆದವರು ಇನ್ನಷ್ಟು ಬಿಡಿಸಿ ಬರೆಯಬಹುದಿತ್ತು. ನಾವೂ ಕೇಳಬಹುದಿತ್ತು. ಆದರೆ ಆ ದಿನದಿಂದ ನನಗೆ ಒಂದು ವಿಷಯ ಮನದಟ್ಟಾಗಿದೆ. ದಿನನಿತ್ಯ ಮದ್ದು ತಿನ್ನುವವರಿಗೆ ಆಪರೇಷನ್ ಎಂದರೆ ಹರಿತವಾದ ಕತ್ತಿಯ ವಿಷಯ ಮಾತ್ರವಲ್ಲ, ಅದು ಗುಳಿಗೆಗಳ ವಿಷಯವೂ ಹೌದು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು, ನಿಲ್ಲಿಸಿದ್ದನ್ನು ಯಾವಾಗ ಮತ್ತೆ ಆರಂಭಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಗುಳಿಗೆಯ ಮಟ್ಟಿಗೂ ಉತ್ತರ ಬೇಕು. ಹೆಚ್ಚಿನ ಮನೆಗಳಲ್ಲಿ ಹಿರಿಯರ ಮದ್ದಿನ ಡಬ್ಬಿ ಇರುವುದು ಹೆಂಗಸರ ಕೈಯಲ್ಲಿ. ಹಾಗಾಗಿ ಈ ಮೂರು ಪ್ರಶ್ನೆಗಳನ್ನು ಕೇಳಬೇಕಾದವರೂ ನಾವೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯೆಯಲ್ಲ, ಶಿಕ್ಷಕಿ. ಇದನ್ನು ಓದಿ ಯಾರೂ ತಾವಾಗಿಯೇ ಯಾವ ಗುಳಿಗೆಯನ್ನೂ ನಿಲ್ಲಿಸಬಾರದು. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂದು ತಿಳಿದಿರಲಿ ಎಂಬುದಷ್ಟೇ ನನ್ನ ಆಶಯ.

‘ಬಿಳಿ ಗುಳಿಗೆ’ ಎಂದರೆ ಯಾವುದು?

“ಏನೇನು ಮದ್ದು ತಿನ್ನುತ್ತೀರಿ?” ಎಂದು ವೈದ್ಯರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಹೀಗಿರುತ್ತದೆ: “ಬಿ.ಪಿ.ಗೆ ಒಂದು ಬಿಳಿ ಗುಳಿಗೆ, ಶುಗರಿಗೆ ಒಂದು ಉದ್ದದ್ದು, ಹಾರ್ಟಿಗೆ ಒಂದು ಕೆಂಪು.” ಇದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಬಿ.ಪಿ.ಗೆ ಕೊಡುವ ಗುಳಿಗೆಗಳಲ್ಲೇ ಹಲವು ಜಾತಿಗಳಿವೆ. ಆಪರೇಷನ್ ದಿನ ಬೆಳಗ್ಗೆ ಒಂದನ್ನು ತಿನ್ನಲೇಬೇಕು, ಇನ್ನೊಂದನ್ನು ಬಿಡಬೇಕಾಗಬಹುದು.

ಇನ್ನೊಂದು ತೊಡಕೂ ಇದೆ. ಈಗ ಒಂದೇ ಗುಳಿಗೆಯೊಳಗೆ ಎರಡು ಮೂರು ಮದ್ದುಗಳಿರುತ್ತವೆ. ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್. ಆದರೆ ಇಕೋಸ್ಪ್ರಿನ್ ಎವಿ ಎಂಬುದರಲ್ಲಿ ಆಸ್ಪಿರಿನ್ ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಕೂಡ ಇದೆ. ಟೆಲ್ಮಾ ಬೇರೆ, ಟೆಲ್ಮಾ ಎಚ್ ಬೇರೆ. ಎಚ್ ಇರುವುದರಲ್ಲಿ ಮೂತ್ರ ಹೆಚ್ಚಿಸುವ ಮದ್ದೂ ಸೇರಿದೆ. ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್. ಗ್ಲೈಕೋಮೆಟ್ ಜಿಪಿ ಎಂದರೆ ಅದರ ಜೊತೆ ಗ್ಲಿಮೆಪಿರೈಡ್. ಹೆಸರಿನ ಬಾಲದಲ್ಲಿರುವ ಎರಡು ಅಕ್ಷರ ಮರೆತರೆ ಒಂದು ಮದ್ದೇ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ನಮ್ಮ ಕರಾವಳಿಯ ಮನೆಗಳಲ್ಲಂತೂ ಗಲ್ಫಿನಿಂದ ಬಂದ ಮದ್ದುಗಳೂ ಇರುತ್ತವೆ. ಮಗ ದುಬೈಯಿಂದ ತಂದ ಗ್ಲೂಕೋಫೇಜ್ ಕೂಡ ಮೆಟ್‌ಫಾರ್ಮಿನ್ ಎಂದೂ, ಪ್ಲಾವಿಕ್ಸ್ ಎಂದರೆ ಇಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುವ ಕ್ಲೋಪಿಡೊಗ್ರೆಲ್ ಎಂದೂ ಎಷ್ಟು ಮಂದಿಗೆ ಗೊತ್ತು? ಜನೌಷಧಿ ಕೇಂದ್ರದಿಂದ ತಂದರೆ ಅದೇ ಮದ್ದು ಮೂಲ ಹೆಸರಿನಲ್ಲಿರುತ್ತದೆ.

ಇದಕ್ಕೆ ಪರಿಹಾರ ಸುಲಭ. ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮದ್ದುಗಳನ್ನು ಸ್ಟ್ರಿಪ್ ಸಮೇತ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಇನ್ಸುಲಿನ್, ಇನ್‌ಹೇಲರ್, ಕಣ್ಣಿಗೆ ಬಿಡುವ ಮದ್ದು, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್, ಆಯುರ್ವೇದ ಮತ್ತು ಯುನಾನಿ ಮದ್ದುಗಳನ್ನೂ ಬಿಡಬೇಡಿ. ಆಪರೇಷನ್ ಮಾಡುವ ಸರ್ಜನ್ ಮಾತ್ರವಲ್ಲ, ಅರಿವಳಿಕೆ ಕೊಡುವ ವೈದ್ಯರೂ ಆ ಚೀಲವನ್ನು ನೋಡಲಿ. ಹೃದಯದ ವೈದ್ಯರು ಬರೆದ ಮದ್ದಾದರೆ ಅದನ್ನು ನಿಲ್ಲಿಸುವ ಮೊದಲು ಅವರನ್ನೂ ಕೇಳುವಂತೆ ವಿನಂತಿಸಿ. ಇದು ಆಪರೇಷನ್‌ಗೆ ಒಂದೆರಡು ವಾರ ಮೊದಲೇ ಆಗಬೇಕು. ಹಿಂದಿನ ರಾತ್ರಿ ಹೇಳಿದರೆ ಕೆಲವು ಮದ್ದುಗಳ ಮಟ್ಟಿಗೆ ತಡವಾಗಿರುತ್ತದೆ.

ಖಾಲಿ ಹೊಟ್ಟೆ ಬೇರೆ, ರೋಝಾ ಬೇರೆ

ನಮ್ಮ ನೆರೆಯ ಮನೆಯ ಹಿರಿಯ ಮಹಿಳೆಯೊಬ್ಬರಿಗೆ ಗರ್ಭಕೋಶದ ಆಪರೇಷನ್ ನಿಗದಿಯಾಗಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ಅವರು ಉಪವಾಸವೆಂದೇ ತಿಳಿದು ಬೆಳಗ್ಗೆ ಬಿ.ಪಿ. ಗುಳಿಗೆಯನ್ನೂ ನುಂಗಲಿಲ್ಲ. ಗುಳಿಗೆ ನುಂಗಿದರೆ, ಒಂದು ಗುಟುಕು ನೀರು ಕುಡಿದರೆ ರೋಝಾ ಮುರಿಯುತ್ತದೆ ಎಂಬುದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರುವ ವಿಷಯವಷ್ಟೆ. ಆಸ್ಪತ್ರೆಯಲ್ಲಿ ನೋಡಿದರೆ ಬಿ.ಪಿ. ವಿಪರೀತ ಏರಿತ್ತು. ಆ ದಿನದ ಆಪರೇಷನ್ ಮುಂದಕ್ಕೆ ಹೋಯಿತು.

ಆಪರೇಷನ್‌ಗೆ ಮುಂಚಿನ ಖಾಲಿ ಹೊಟ್ಟೆಯ ಉದ್ದೇಶವೇ ಬೇರೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅದನ್ನು ತಪ್ಪಿಸುವುದಕ್ಕಾಗಿ ಈ ನಿಯಮ. ಸಾಮಾನ್ಯವಾಗಿ ಲಘು ಆಹಾರಕ್ಕೆ 6 ಗಂಟೆ, ಎಣ್ಣೆಯಲ್ಲಿ ಕರಿದದ್ದು ಅಥವಾ ಮಾಂಸದ ಊಟಕ್ಕೆ 8 ಗಂಟೆ, ಶುದ್ಧ ನೀರಿಗೆ 2 ಗಂಟೆ ಅಂತರವಿರಬೇಕು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಆಹಾರದ ಲೆಕ್ಕಕ್ಕೆ ಬರುತ್ತದೆ. ಆದರೆ ವೈದ್ಯರು ತಿನ್ನಲು ಹೇಳಿದ ಗುಳಿಗೆಯನ್ನು ಒಂದೆರಡು ಗುಟುಕು ನೀರಿನೊಂದಿಗೆ ನುಂಗಬಹುದು, ನುಂಗಬೇಕು. “ಬೆಳಗ್ಗಿನ ಯಾವ ಗುಳಿಗೆಯನ್ನು ನೀರಿನೊಂದಿಗೆ ಕೊಡಲಿ?” ಎಂದು ಹಿಂದಿನ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ರಕ್ತ ತೆಳು ಮಾಡುವ ಮದ್ದುಗಳು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಇಲ್ಲಿ. ಇವನ್ನು ತಿನ್ನುತ್ತಲೇ ಆಪರೇಷನ್ ಮಾಡಿದರೆ ರಕ್ತ ನಿಲ್ಲದಿರಬಹುದು. ನಿಲ್ಲಿಸಿದರೆ ಹೃದಯದಲ್ಲಿ ಅಥವಾ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಎರಡು ಕಡೆಯೂ ಅಪಾಯವಿರುವುದರಿಂದ ತೂಗಿ ನೋಡುವ ಕೆಲಸ ವೈದ್ಯರಿಗೇ ಸೇರಿದ್ದು.

ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತವೆ. ಒಂದು ಪ್ಲೇಟ್‌ಲೆಟ್‌ನ ಆಯುಷ್ಯ ಸುಮಾರು 7ರಿಂದ 10 ದಿನ. ಆಸ್ಪಿರಿನ್ ಒಮ್ಮೆ ತಾಗಿದ ಕಣ ಸಾಯುವವರೆಗೂ ಸರಿಯಾಗುವುದಿಲ್ಲ. ಹಾಗಾಗಿ ಇವತ್ತು ಗುಳಿಗೆ ಬಿಟ್ಟರೆ ನಾಳೆಯೇ ಅದರ ಪ್ರಭಾವ ಹೋಗುವುದಿಲ್ಲ. ಕ್ಲೋಪಿಡೊಗ್ರೆಲ್ ನಿಲ್ಲಿಸಬೇಕಾದರೆ ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸುತ್ತಾರೆ.

ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಮಾತೇ ಬೇರೆ. ಅವರು ಈ ಗುಳಿಗೆಗಳನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಹಾಗಾಗಿ ತುರ್ತು ಇಲ್ಲದ ಆಪರೇಷನ್‌ಗಳನ್ನು ಸ್ಟೆಂಟ್ ಹಾಕಿ ಆರು ತಿಂಗಳಿಂದ ಒಂದು ವರ್ಷದವರೆಗೆ ಮುಂದಕ್ಕೆ ಹಾಕುವುದುಂಟು. ಮಾಡಲೇಬೇಕಾದರೆ ಸಾಮಾನ್ಯವಾಗಿ ಆಸ್ಪಿರಿನ್ ಮುಂದುವರಿಸಿಯೇ ಮಾಡುತ್ತಾರೆ. ಇನ್ನೊಂದು ವಿಷಯ: ಹಲ್ಲು ಕೀಳಿಸುವುದು, ಕಣ್ಣಿನ ಪೊರೆ ತೆಗೆಸುವುದು ಮುಂತಾದ ಸಣ್ಣ ಚಿಕಿತ್ಸೆಗಳಿಗೆ ಹೆಚ್ಚಾಗಿ ಆಸ್ಪಿರಿನ್ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. “ಹಲ್ಲು ಕೀಳಿಸಬೇಕಲ್ಲ” ಎಂದು ವಾರದ ಮೊದಲೇ ತಾವಾಗಿ ಗುಳಿಗೆ ಬಿಡುವವರನ್ನು ನಾನು ಕಂಡಿದ್ದೇನೆ.

ಎದೆಬಡಿತ ಏರುಪೇರಾಗುವವರಿಗೆ, ಹೃದಯದ ಕವಾಟ ಬದಲಾಯಿಸಿಕೊಂಡವರಿಗೆ ವಾರ್ಫರಿನ್ ಅಥವಾ ಅಸಿಟ್ರೋಮ್ ಎಂಬ ಹೆಸರಿನಲ್ಲಿ ಸಿಗುವ ಅಸೆನೊಕೌಮರಾಲ್ ಕೊಡುತ್ತಾರೆ. ಇವುಗಳ ಪ್ರಭಾವವನ್ನು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯಿಂದ ಅಳೆಯುತ್ತಾರೆ. ದೊಡ್ಡ ಆಪರೇಷನ್‌ಗಾಗಿ ವಾರ್ಫರಿನ್ ಅನ್ನು ಸುಮಾರು 5 ದಿನ, ಅಸೆನೊಕೌಮರಾಲನ್ನು ಎರಡು ಮೂರು ದಿನ ಮೊದಲು ನಿಲ್ಲಿಸುವುದು ವಾಡಿಕೆ. ಅಪಿಕ್ಸಾಬಾನ್, ರಿವರೊಕ್ಸಾಬಾನ್, ಡಾಬಿಗಟ್ರಾನ್ ಎಂಬ ಹೊಸ ಮದ್ದುಗಳನ್ನು ಹೆಚ್ಚಾಗಿ ಒಂದೆರಡು ದಿನ ಮೊದಲು ನಿಲ್ಲಿಸಿದರೆ ಸಾಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಬೇಗ ನಿಲ್ಲಿಸಬೇಕಾಗಬಹುದು.

ಈ ನಡುವಿನ ದಿನಗಳಲ್ಲಿ ಗುಳಿಗೆಯ ಬದಲು ಹೆಪಾರಿನ್ ಇಂಜೆಕ್ಷನ್ ಕೊಡುವ ಕ್ರಮವಿದೆ. ಎದೆಬಡಿತ ಏರುಪೇರಾಗುವ 1,884 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಾರ್ಫರಿನ್ ನಿಲ್ಲಿಸಿದ ದಿನಗಳಲ್ಲಿ ಇಂಜೆಕ್ಷನ್ ಪಡೆದವರಿಗೂ ಪಡೆಯದವರಿಗೂ ರಕ್ತ ಹೆಪ್ಪುಗಟ್ಟುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಡೆದವರಲ್ಲಿ ರಕ್ತಸ್ರಾವ ಮಾತ್ರ ಹೆಚ್ಚಾಗಿತ್ತು. ಹಾಗಾಗಿ ಈಗ ಅಂಥ ಹೆಚ್ಚಿನವರಿಗೆ ಇಂಜೆಕ್ಷನ್ ಕೊಡುವುದಿಲ್ಲ. ಲೋಹದ ಕವಾಟ ಇರುವ ಕೆಲವರಿಗೆ ಕೊಡುತ್ತಾರೆ. “ಅವರಿಗೆ ಕೊಟ್ಟಿದ್ದಾರೆ, ನಮಗೇಕೆ ಕೊಡಲಿಲ್ಲ?” ಎಂದು ಹೋಲಿಸಿ ಗಾಬರಿಯಾಗಬೇಕಿಲ್ಲ.

ಆ ಅಧ್ಯಯನದಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿ ಬೇರೆಯೇ ಇದೆ. ಆ ರೋಗಿಗಳೆಲ್ಲರಿಗೂ ಆಪರೇಷನ್ ಆದ 24 ಗಂಟೆಯೊಳಗೆ ವಾರ್ಫರಿನ್ ಮತ್ತೆ ಆರಂಭಿಸುವ ಕ್ರಮವಿತ್ತು. ನನ್ನ ದೊಡ್ಡಮ್ಮನ ಗುಳಿಗೆ ಹತ್ತೊಂಬತ್ತು ದಿನ ಕಪಾಟಿನಲ್ಲಿತ್ತು.

ಬಿ.ಪಿ. ಮತ್ತು ಹೃದಯದ ಗುಳಿಗೆಗಳು

ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಎಂಬ ಗುಳಿಗೆಗಳನ್ನು ಮೊದಲಿನಿಂದಲೂ ತಿನ್ನುತ್ತಿರುವವರು ಆಪರೇಷನ್ ದಿನ ಬೆಳಗ್ಗೆಯೂ ತಿನ್ನಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇವನ್ನು ಒಮ್ಮೆಲೇ ಬಿಟ್ಟರೆ ಎದೆಬಡಿತ ಮತ್ತು ಬಿ.ಪಿ. ಥಟ್ಟನೆ ಏರುತ್ತವೆ. ಕ್ಲೊನಿಡಿನ್ ಕೂಡ ಹಾಗೆಯೇ. ಅಮ್ಲೊಡಿಪಿನ್ ಮುಂದುವರಿಸುತ್ತಾರೆ. ಕೊಲೆಸ್ಟ್ರಾಲಿನ ಗುಳಿಗೆಯನ್ನೂ ನಿಲ್ಲಿಸುವುದಿಲ್ಲ.

ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್ ಎಂಬ ಗುಂಪಿನ ವಿಷಯದಲ್ಲಿ ಮಾತ್ರ ವೈದ್ಯರಲ್ಲಿ ಒಂದೇ ಪದ್ಧತಿಯಿಲ್ಲ. ಇವನ್ನು ತಿಂದು ಬಂದವರಿಗೆ ಅರಿವಳಿಕೆ ಕೊಟ್ಟಾಗ ಬಿ.ಪಿ. ಕುಸಿಯುವ ಸಂಭವ ಹೆಚ್ಚು. ಅದಕ್ಕಾಗಿ ಅನೇಕರು 24 ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ, ಕೆಲವರು ಮುಂದುವರಿಸಲು ಹೇಳುತ್ತಾರೆ. ನಿಮ್ಮ ಅರಿವಳಿಕೆ ವೈದ್ಯರು ಹೇಳಿದಂತೆ ಮಾಡಿ. ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಹೆಚ್ಚಾಗಿ ಆ ದಿನ ಬೆಳಗ್ಗೆ ಬಿಡಲು ಹೇಳುತ್ತಾರೆ.

ಸಕ್ಕರೆ ಕಾಯಿಲೆ ಇರುವವರು

ಹೊಟ್ಟೆಗೆ ಆಹಾರವಿಲ್ಲದಾಗ ಸಕ್ಕರೆ ಇಳಿಸುವ ಗುಳಿಗೆ ತಿಂದರೆ ಸಕ್ಕರೆ ತೀರಾ ಕೆಳಗಿಳಿದು ಪ್ರಜ್ಞೆ ತಪ್ಪಬಹುದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇಂಥವು. ಆದ್ದರಿಂದ ಆಪರೇಷನ್ ದಿನ ಬೆಳಗ್ಗೆ ಇವನ್ನು ಕೊಡುವುದಿಲ್ಲ. ಮೆಟ್‌ಫಾರ್ಮಿನ್ ಅನ್ನೂ ಸಾಮಾನ್ಯವಾಗಿ ಆ ದಿನ ಬಿಡುತ್ತಾರೆ.

ಇನ್ಸುಲಿನ್ ಮಾತ್ರ ‘ಊಟವಿಲ್ಲ, ಹಾಗಾಗಿ ಇನ್ಸುಲಿನ್ನೂ ಬೇಡ’ ಎಂದು ಬಿಡುವಂಥದ್ದಲ್ಲ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನಿನ ಪ್ರಮಾಣವನ್ನು ಸ್ವಲ್ಪ ಕಡಿಮೆ ಮಾಡಿ ಕೊಡುತ್ತಾರೆ. ಚಿಕ್ಕಂದಿನಿಂದಲೇ ಇನ್ಸುಲಿನ್ನಿನ ಮೇಲೆ ಬದುಕುತ್ತಿರುವ ಟೈಪ್ 1 ರೋಗಿಗಳಿಗೆ ಅದನ್ನು ಪೂರ್ತಿಯಾಗಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಎಷ್ಟು ಯೂನಿಟ್ ಎಂಬುದನ್ನು ಅಂಕಿಯಲ್ಲೇ ಬರೆಸಿಕೊಳ್ಳಿ. ‘ಸ್ವಲ್ಪ ಕಡಿಮೆ’ ಎಂಬ ಮಾತು ಸಾಲದು.

ಇನ್ನೊಂದು ಜಾತಿಯ ಗುಳಿಗೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಇವು ಹೆಚ್ಚಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಈಗ ಕಡಿಮೆ ಬೆಲೆಗೆ ಸಿಗುವುದರಿಂದ ಇವನ್ನು ತಿನ್ನುವವರೂ ಹೆಚ್ಚಾಗಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ಕೆಲವರಿಗೆ ಕೊಡುವುದುಂಟು. ಇವನ್ನು ತಿನ್ನುತ್ತಾ ಉಪವಾಸವಿದ್ದು ಆಪರೇಷನ್ ಮಾಡಿಸಿಕೊಂಡರೆ ರಕ್ತ ಆಮ್ಲೀಯವಾಗುವ ಅಪಾಯವಿದೆ. ಆಗ ಸಕ್ಕರೆಯ ಅಂಕಿ ಹೆಚ್ಚೇನೂ ಏರಿರುವುದಿಲ್ಲವಾದ್ದರಿಂದ ಬೇಗ ಗೊತ್ತಾಗುವುದೂ ಇಲ್ಲ. ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಇದ್ದರೂ ಆಪರೇಷನ್ನಿನಿಂದಲೇ ಇರಬೇಕು ಎಂದುಕೊಳ್ಳುತ್ತೇವೆ. ಇವನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕೆಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸೂಚನೆ ನೀಡಿತು. ಮೆಟ್‌ಫಾರ್ಮಿನ್ ಜೊತೆ ಸೇರಿಸಿದ ಗುಳಿಗೆಯಲ್ಲೂ ಇದು ಅಡಗಿರಬಹುದು. ಸ್ಟ್ರಿಪ್ ತೋರಿಸುವುದು ಎಷ್ಟು ಅಗತ್ಯ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಸಕ್ಕರೆಗಾಗಿ ಅಥವಾ ತೂಕ ಇಳಿಸಲು ವಾರಕ್ಕೊಮ್ಮೆ ಸೆಮಾಗ್ಲೂಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ಚುಚ್ಚಿಕೊಳ್ಳುವವರೂ ಅದನ್ನು ಮುಚ್ಚಿಡಬಾರದು. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಎಂಟು ಗಂಟೆ ಏನೂ ತಿನ್ನದಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು.

ನಿಲ್ಲಿಸಲೇಬಾರದ ಕೆಲವು

ಅಪಸ್ಮಾರದ ಗುಳಿಗೆಯನ್ನು ಆ ದಿನ ಬೆಳಗ್ಗೆಯೂ ಕೊಡಬೇಕು. ಒಂದು ಹೊತ್ತು ತಪ್ಪಿದರೂ ಫಿಟ್ಸ್ ಬರಬಹುದು. ದಮ್ಮು ಇರುವವರು ಇನ್‌ಹೇಲರ್ ಸೇದಿ, ಅದನ್ನು ಜೊತೆಗೂ ಕೊಂಡುಹೋಗಬೇಕು. ಥೈರಾಯ್ಡ್ ಗುಳಿಗೆಯನ್ನು ಮುಂದುವರಿಸಬೇಕು. ಆದರೆ ಒಂದು ದಿನ ಮರೆತರೆ ಗಾಬರಿ ಬೇಡ, ಅದರ ಪ್ರಭಾವ ದೇಹದಲ್ಲಿ ಹಲವು ದಿನ ಇರುತ್ತದೆ. ಮಾನಸಿಕ ಕಾಯಿಲೆಯ ಮದ್ದುಗಳನ್ನು ನಾಚಿಕೆಯಿಂದ ಮುಚ್ಚಿಡುವವರಿದ್ದಾರೆ. ಅವನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಹೇಳದಿರುವುದೂ ಅಪಾಯ. ಲಿಥಿಯಂ ತಿನ್ನುವವರಂತೂ ತಪ್ಪದೆ ಹೇಳಬೇಕು.

ಗಂಟುನೋವು, ಅಲರ್ಜಿ ಮುಂತಾದವುಗಳಿಗಾಗಿ ಬಹಳ ದಿನದಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ತಿನ್ನುವವರ ವಿಷಯ ಇನ್ನೂ ಗಂಭೀರ. ಅಪಾಯ ಎದುರಾದಾಗ ದೇಹ ತಾನಾಗಿಯೇ ಒಂದು ಬಗೆಯ ಸ್ಟಿರಾಯ್ಡನ್ನು ಹೆಚ್ಚು ಉತ್ಪಾದಿಸುತ್ತದೆ. ಹೊರಗಿನಿಂದ ದಿನಾ ಸಿಗುತ್ತಿದ್ದರೆ ದೇಹದ ಆ ಸಾಮರ್ಥ್ಯ ಕುಗ್ಗುತ್ತದೆ. ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು, ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ತಿಂದವರು ಈ ಸ್ಥಿತಿಯಲ್ಲಿರಬಹುದು. ಇಂಥವರು ಗುಳಿಗೆ ಬಿಟ್ಟು ಆಪರೇಷನ್‌ಗೆ ಹೋದರೆ ಬಿ.ಪಿ. ಕುಸಿದು ಜೀವಕ್ಕೆ ಸಂಚಕಾರವಾಗಬಹುದು. ವೈದ್ಯರಿಗೆ ಗೊತ್ತಿದ್ದರೆ ಆ ದಿನ ಇಂಜೆಕ್ಷನ್ ಮೂಲಕ ಹೆಚ್ಚುವರಿ ಸ್ಟಿರಾಯ್ಡ್ ಕೊಡುತ್ತಾರೆ. ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಗಂಟುನೋವಿನ ಪುಡಿಗಳಲ್ಲೂ ಸ್ಟಿರಾಯ್ಡ್ ಬೆರೆಸಿದ್ದು ಪತ್ತೆಯಾದದ್ದುಂಟು. ಅದನ್ನು ತಿನ್ನುತ್ತಿದ್ದರೆ ಅದನ್ನೂ ಹೇಳಿ.

ಹೇಳಲು ಸಂಕೋಚಪಡುವವು

ಗರ್ಭನಿರೋಧಕ ಗುಳಿಗೆಯ ವಿಷಯವನ್ನು ಗಂಡನ ಮನೆಯವರ ಎದುರು ಹೇಳಲಾಗದೆ ಸುಮ್ಮನಿರುವ ಸೊಸೆಯಂದಿರಿದ್ದಾರೆ. ಈಸ್ಟ್ರೊಜೆನ್ ಇರುವ ಗುಳಿಗೆಗಳು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತವೆ. ದೊಡ್ಡ ಆಪರೇಷನ್ ಆಗಿ ಹಾಸಿಗೆಯಲ್ಲೇ ಇರಬೇಕಾದಾಗ ಆ ಅಪಾಯ ಇನ್ನೂ ಹೆಚ್ಚು. ಕೆಲವು ಆಪರೇಷನ್‌ಗಳಿಗೆ ನಾಲ್ಕು ವಾರ ಮೊದಲೇ ಅದನ್ನು ನಿಲ್ಲಿಸಿ ಬೇರೆ ವಿಧಾನ ಅನುಸರಿಸಲು ಹೇಳುತ್ತಾರೆ. ರಮಝಾನ್ ಅಥವಾ ಹಜ್ಜ್ ಸಂದರ್ಭದಲ್ಲಿ ಮುಟ್ಟು ಮುಂದೂಡಲು ತಿನ್ನುವ ಗುಳಿಗೆಯೂ ಮದ್ದೇ. ಇತ್ತೀಚೆಗೆ ತಿಂದಿದ್ದರೆ ಹೇಳಬೇಕು. ಮನೆಯವರ ಮುಂದೆ ಆಗದಿದ್ದರೆ ವೈದ್ಯರೊಡನೆ ಅಥವಾ ನರ್ಸ್‌ನೊಡನೆ ಪ್ರತ್ಯೇಕವಾಗಿ ಮಾತನಾಡಿ.

ಮನೆಮದ್ದುಗಳೂ ಹಾಗೆಯೇ. ಬೆಳ್ಳುಳ್ಳಿ ಕ್ಯಾಪ್ಸೂಲ್, ಜಿನ್ಸೆಂಗ್, ಗಿಂಕೊ, ಕರಿಜೀರಿಗೆ ಎಣ್ಣೆ, ಸಕ್ಕರೆ ಕಾಯಿಲೆಗೆಂದು ಕುಡಿಯುವ ಕಷಾಯಗಳು ಎಲ್ಲವೂ ಪಟ್ಟಿಯಲ್ಲಿರಲಿ. ಅಡುಗೆಗೆ ಹಾಕುವ ಬೆಳ್ಳುಳ್ಳಿಯಿಂದ ತೊಂದರೆಯಿಲ್ಲ. ಕ್ಯಾಪ್ಸೂಲಿನ ಪ್ರಮಾಣ ಬೇರೆ. ಇಂಥ ಗಿಡಮೂಲಿಕೆ ಮದ್ದುಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಬರ್ಕತ್ ಇರುವ ವಸ್ತು ಎಂಬ ಗೌರವದಿಂದ ಸೇವಿಸುವುದಾದರೂ ವೈದ್ಯರಿಗೆ ಹೇಳುವುದರಿಂದ ಆ ಗೌರವಕ್ಕೆ ಕುಂದಿಲ್ಲ.

ಮನೆಗೆ ಬಂದ ಮೇಲೆ

ನಾವು ಸೋಲುವುದು ಹೆಚ್ಚಾಗಿ ಇಲ್ಲಿ. ಆಪರೇಷನ್‌ಗೆ ಮೊದಲು ಎಲ್ಲರೂ ಎಚ್ಚರದಲ್ಲಿರುತ್ತಾರೆ. ಮುಗಿದ ಮೇಲೆ ‘ಅಲ್‌ಹಮ್ದುಲಿಲ್ಲಾಹ್, ದಾಟಿದೆವು’ ಎಂದು ನಿರಾಳರಾಗುತ್ತೇವೆ. ಆಗ ಮೂರು ಬಗೆಯ ತಪ್ಪುಗಳಾಗುತ್ತವೆ.

ಮೊದಲನೆಯದು, ನಿಲ್ಲಿಸಿದ್ದನ್ನು ಮತ್ತೆ ಆರಂಭಿಸದಿರುವುದು. ಇದರ ಕಥೆ ಹೇಳಿದ್ದೇನೆ.

ಎರಡನೆಯದು, ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ತಿನ್ನುವುದು. ಮನೆಯಲ್ಲಿ ಒಂದು ಕಂಪನಿಯ ಟೆಲ್ಮಿಸಾರ್ಟಾನ್ ಇರುತ್ತದೆ. ಆಸ್ಪತ್ರೆಯವರು ಬೇರೆ ಕಂಪನಿಯದ್ದನ್ನು ಬರೆದಿರುತ್ತಾರೆ. ಹೊಸತು, ಹಳೆಯದು ಎಂದು ಎರಡನ್ನೂ ಕೊಟ್ಟು ಬಿ.ಪಿ. ಇಳಿದು ರೋಗಿ ಬಚ್ಚಲಲ್ಲಿ ಬೀಳುತ್ತಾರೆ. ನೋವಿಗೆ ಬರೆದ ಡೋಲೊ ಜೊತೆ ಗಲ್ಫಿನ ಪನಡಾಲ್ ಕೊಟ್ಟರೂ ಹೀಗೆಯೇ, ಎರಡೂ ಪ್ಯಾರಸಿಟಮಾಲ್. ಸ್ಟ್ರಿಪ್‌ನ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಓದಿ ಹೋಲಿಸಬೇಕು.

ಮೂರನೆಯದು, ಹೊಸ ಮದ್ದು ಹಳೆಯದರೊಂದಿಗೆ ಜಗಳವಾಡುವುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಎಂಬ ನೋವಿನ ಗುಳಿಗೆಗಳು ಟೆಲ್ಮಿಸಾರ್ಟಾನ್‌ನಂಥ ಬಿ.ಪಿ. ಮದ್ದು ಮತ್ತು ಮೂತ್ರದ ಗುಳಿಗೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ವಾರ್ಫರಿನ್ ತಿನ್ನುವವರಿಗೆ ಮೆಟ್ರೊನಿಡಝೋಲ್ ಕೊಟ್ಟರೆ ರಕ್ತ ಇನ್ನಷ್ಟು ತೆಳುವಾಗುತ್ತದೆ. ಆಗ ಐ.ಎನ್.ಆರ್. ಪರೀಕ್ಷೆಯನ್ನು ಬೇಗನೆ ಮಾಡಿಸಬೇಕು. ಸಕ್ಕರೆಯ ಗುಳಿಗೆಗಳನ್ನೂ ರೋಗಿ ಮೊದಲಿನಂತೆ ಊಟ ಮಾಡತೊಡಗಿದ ಮೇಲೆ, ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಒಂದು ಬಟ್ಟಲು ಗಂಜಿ ಕುಡಿಯುವವರಿಗೆ ಹಿಂದಿನ ಪೂರ್ತಿ ಪ್ರಮಾಣ ಹೆಚ್ಚಾಗಬಹುದು.

ಒಂದು ಹಾಳೆಯ ಕೆಲಸ

ಎರಡು ವರ್ಷದ ನಂತರ ನನ್ನ ಉಮ್ಮನಿಗೆ ಹರ್ನಿಯಾ ಆಪರೇಷನ್ ಆಯಿತು. ಉಮ್ಮ ದಿನಕ್ಕೆ ಆರು ಬಗೆಯ ಮದ್ದು ತಿನ್ನುತ್ತಾರೆ. ಆ ಸಲ ನಾನು ಎಂಟನೆಯ ತರಗತಿಯಲ್ಲಿದ್ದ ಮಗಳನ್ನು ಕೂರಿಸಿಕೊಂಡು ಅವಳ ನೋಟ್ ಪುಸ್ತಕದ ಒಂದು ಹಾಳೆಯಲ್ಲಿ ಐದು ಕಾಲಂ ಎಳೆಸಿದೆ. ಮದ್ದಿನ ಹೆಸರು ಮತ್ತು ಸ್ಟ್ರಿಪ್‌ನಲ್ಲಿರುವ ಮೂಲ ಹೆಸರು. ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ. ಯಾವ ಕಾಯಿಲೆಗೆ. ಕೊನೆಯ ಗುಳಿಗೆ ಯಾವ ದಿನ. ಮತ್ತೆ ಆರಂಭಿಸುವುದು ಯಾವ ದಿನ. ಮೊದಲ ಮೂರನ್ನು ಮಗಳು ಸ್ಟ್ರಿಪ್ ನೋಡಿ ಬರೆದಳು. ಉಳಿದ ಎರಡನ್ನು ಖಾಲಿ ಬಿಟ್ಟೆವು. ಹಾಳೆಯ ಮೇಲ್ಭಾಗದಲ್ಲಿ ಉಮ್ಮನಿಗೆ ಯಾವ ಮದ್ದು ಆಗುವುದಿಲ್ಲ ಎಂಬುದನ್ನೂ ಬರೆದೆವು.

ಆ ಹಾಳೆಯನ್ನು ಅರಿವಳಿಕೆ ವೈದ್ಯೆಯ ಮುಂದಿಟ್ಟಾಗ ಅವರು ಬೇಸರಪಡಲಿಲ್ಲ. ಪೆನ್ನು ತೆಗೆದು ನಾಲ್ಕನೆಯ ಕಾಲಂ ತುಂಬಿಸಿದರು. ಡಾಪಾಗ್ಲಿಫ್ಲೋಜಿನ್ ಎದುರು “ನಾಲ್ಕು ದಿನ ಮೊದಲೇ ಬಿಡಿ” ಎಂದು ಬರೆದರು. ಅದನ್ನು ಉಮ್ಮ ತಿನ್ನುತ್ತಿರುವುದು ಅದುವರೆಗೆ ಅವರಿಗೆ ಗೊತ್ತಿರಲಿಲ್ಲ. ಬೇರೊಬ್ಬ ವೈದ್ಯರು ತಿಂಗಳ ಹಿಂದೆಯಷ್ಟೇ ಬರೆದದ್ದು ಅದು.

ಡಿಸ್‌ಚಾರ್ಜ್ ದಿನ ಐದನೆಯ ಕಾಲಂ ಖಾಲಿಯಿತ್ತು. ಬಿಲ್ ಕಟ್ಟಿಯಾಗಿತ್ತು, ಆಟೋ ಹೊರಗೆ ಕಾಯುತ್ತಿತ್ತು. ತಮ್ಮ ಅವಸರಪಡಿಸುತ್ತಿದ್ದ. “ಇದೊಂದು ತುಂಬದೆ ಹೊರಡುವುದಿಲ್ಲ” ಎಂದೆ. ವಾರ್ಡಿನ ಡಾಕ್ಟರ್ ಬರುವವರೆಗೆ ಮುಕ್ಕಾಲು ಗಂಟೆ ಕಾದೆವು. ಅವರು ಒಂದೊಂದು ಮದ್ದಿನ ಎದುರೂ ತಾರೀಕು ಬರೆದುಕೊಟ್ಟರು. ಒಂದು ಗುಳಿಗೆ ಇನ್ನು ಬೇಡವೆಂದು ಗೀಟು ಹಾಕಿದರು. ಆ ಹಾಳೆಯನ್ನು ಅಡುಗೆ ಕೋಣೆಯಲ್ಲಿ ಮದ್ದಿನ ಡಬ್ಬಿಯ ಮೇಲ್ಗಡೆ ಅಂಟಿಸಿದೆವು. ಮೊಬೈಲಿನಲ್ಲಿ ಫೋಟೋ ತೆಗೆದು ಸೌದಿಯಲ್ಲಿರುವ ಅಣ್ಣನಿಗೂ ಕಳುಹಿಸಿದೆವು.

ದೊಡ್ಡಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ಮಾತು ಬಹುಮಟ್ಟಿಗೆ ಮರಳಿದೆ, ಬಲಗೈಗೆ ಹಿಡಿತ ಬಂದಿಲ್ಲ. ಪತ್ತಿರಿ ತಟ್ಟುವುದರಲ್ಲಿ ಇಡೀ ಕುಟುಂಬದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಈಗ ಪಕ್ಕದಲ್ಲಿ ಕುಳಿತು ಸೊಸೆಯಂದಿರಿಗೆ ಹೇಳಿಕೊಡುತ್ತಾರೆ. ಪ್ರತಿ ಸಂಜೆ ಆ ಸಣ್ಣ ಗುಳಿಗೆಯನ್ನು ಎಡಗೈಯಲ್ಲಿ ತೆಗೆದುಕೊಳ್ಳುವಾಗ ಮಗಳನ್ನು ಕರೆದು ತೋರಿಸಿಯೇ ನುಂಗುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಿಗದಿಯಾಗಿದ್ದರೆ ಇವತ್ತೇ ಒಂದು ಹಾಳೆ ತೆಗೆದುಕೊಳ್ಳಿ. ಕೊನೆಯ ಕಾಲಂ ತುಂಬುವವರೆಗೆ ಆಸ್ಪತ್ರೆಯಿಂದ ಹೊರಡಬೇಡಿ.